ಮೊದಲು ಬ್ರೇಕ್, ಆಮೇಲೆ ಸ್ಟೀರಿಯೋ

ನಮ್ಮ ಕಾರಿಗೂ ನನಗೂ ಒಂದೇ ವಯಸ್ಸು. ನಾನು ಹುಟ್ಟಿದ್ದು 2008ರಲ್ಲಿ, ನಮ್ಮ ಮಾರುತಿ 800 ರಸ್ತೆಗಿಳಿದದ್ದೂ ಅದೇ ವರ್ಷ. ಆದರೆ ಅದು ನಮ್ಮ ಮನೆಗೆ ಬಂದದ್ದು ನಾನು ಐದನೇ ತರಗತಿಯಲ್ಲಿದ್ದಾಗ. ಅಬ್ಬು ಅದರ ಮೂರನೆಯ ಮಾಲೀಕರು. ಬಿಳಿ ಬಣ್ಣ, ನಾಲ್ಕು ಗೇರು, ಯಶವಂತಪುರ ಆರ್‌ಟಿಒದ ಕೆಎ 04 ನಂಬರು. ಬೆಳಿಗ್ಗೆ ಆರ್.ಟಿ. ನಗರದ ಮನೆಯಿಂದ ಹೊರಟು, ನನ್ನನ್ನು ಕಾಲೇಜಿಗೂ ತಂಗಿಯನ್ನು ಶಾಲೆಗೂ ಬಿಟ್ಟು, ಅಬ್ಬು ಯಲಹಂಕದ ತಮ್ಮ ಟೈಲರಿಂಗ್ ಅಂಗಡಿಗೆ ಹೋಗುತ್ತಾರೆ. ಸಂಜೆ ಅದೇ ಕಾರಿನಲ್ಲಿ ಹೊಲಿದ ಬಟ್ಟೆಗಳ ಗಂಟು, ಮನೆಯ ತರಕಾರಿ, ಒಮ್ಮೊಮ್ಮೆ ಪಕ್ಕದ ಮನೆಯವರೂ ಬರುತ್ತಾರೆ.

ಕಾಲೇಜು ಗೇಟಿನ ಮುಂದೆ ಈ ಕಾರಿನಿಂದ ಇಳಿಯಲು ನನಗೆ ನಾಚಿಕೆಯಾಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ. "ಏನೋ, ಮ್ಯೂಸಿಯಂನಿಂದ ತಂದ್ರಾ?" ಎಂದು ಗೆಳೆಯನೊಬ್ಬ ಕೇಳಿದ್ದ. ಅವನು ತಮಾಷೆಗೆ ಹೇಳಿದ್ದ, ನಾನು ಮನಸ್ಸಿಗೆ ಹಚ್ಚಿಕೊಂಡೆ. ಅವತ್ತಿನಿಂದ ಒಂದು ತಿಂಗಳು ಅಬ್ಬು ಬೆನ್ನು ಬಿದ್ದು, ಟಚ್ ಸ್ಕ್ರೀನ್ ಇರುವ ಸ್ಟೀರಿಯೋ ಹಾಕಿಸಿಕೊಂಡೆ. ಸ್ಪೀಕರ್ ಸೇರಿ 8,500 ರೂಪಾಯಿ.

ಅದೇ ತಿಂಗಳು ನಮ್ಮ ಮೆಕ್ಯಾನಿಕ್ ಒಂದು ಮಾತು ಹೇಳಿದ್ದರು. "ಭಾಯ್, ಹಿಂದಿನ ಎಡಗಡೆ ವೀಲ್ ಸಿಲಿಂಡರ್ ಲೀಕ್ ಆಗ್ತಿದೆ. ಡ್ರಮ್ ಒಳಗೆ ಒದ್ದೆ ಇದೆ. ತಡ ಮಾಡ್ಬೇಡಿ, ಈ ವಾರಾನೇ ಹಾಕಿಸ್ಬಿಡಿ." ಅಬ್ಬು ಒಂದು ಕ್ಷಣ ನನ್ನ ಕಡೆ ನೋಡಿ, "ಮುಂದಿನ ತಿಂಗಳು ಮಾಡ್ಸೋಣ" ಎಂದರು. ಬ್ರೇಕ್ ಆಯಿಲ್ ತುಂಬಿಸಿಕೊಂಡು ಬಂದೆವು. ಆ ತಿಂಗಳ ದುಡ್ಡು ಸ್ಟೀರಿಯೋಗೆ ಹೋಗಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಹತ್ತು ದಿನ ಕಳೆದಿರಬಹುದು. ಒಂದು ಬೆಳಿಗ್ಗೆ ಹೆಬ್ಬಾಳದ ಮೇಲ್ಸೇತುವೆ ದಾಟಿ ಎಸ್ಟೀಮ್ ಮಾಲ್ ಕಡೆಗೆ ಇಳಿಯುತ್ತಿದ್ದೆವು. ಅಲ್ಲಿ ಬಸ್ಸುಗಳು ನಿಂತು, ಹಿಂದಿನವರೆಲ್ಲ ಒಮ್ಮೆಲೇ ಬ್ರೇಕ್ ಹಾಕುವುದು ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಅಬ್ಬು ಪೆಡಲ್ ಒತ್ತಿದರು. ಅದು ನೆಲದವರೆಗೂ ಹೋಯಿತು. ಕಾರು ನಿಧಾನವಾಗಲಿಲ್ಲ. ಅಬ್ಬು ಗೇರನ್ನು ಎರಡಕ್ಕೆ ಇಳಿಸಿ, ಪೆಡಲನ್ನು ಮತ್ತೆ ಮತ್ತೆ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಎಡಕ್ಕೆ ತಿರುಗಿಸಿದರು. ಮುಂದಿನ ಬಸ್ಸಿಗೂ ನಮಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿದಿತ್ತು. ಹಿಂದಿನ ಸೀಟಿನಲ್ಲಿದ್ದ ತಂಗಿ ಬೆಲ್ಟ್ ಹಾಕಿರಲಿಲ್ಲ. ಅವಳ ಹಣೆ ನನ್ನ ಸೀಟಿಗೆ ಬಡಿದು ಊದಿಕೊಂಡಿತು. ಅಷ್ಟರಲ್ಲೇ ಮುಗಿಯಿತು, ಅಲ್ಹಮ್ದುಲಿಲ್ಲಾಹ್. ಸ್ಟೀರಿಯೋ ಮಾತ್ರ ಹಾಡುತ್ತಲೇ ಇತ್ತು. ಆರಿಸಲು ಹೋದರೆ ನನ್ನ ಕೈ ನಡುಗುತ್ತಿತ್ತು.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಪ್ಯಾಸ್ಕಲ್ ನಿಯಮಕ್ಕೆ ಉದಾಹರಣೆಯಾಗಿ ಹೈಡ್ರಾಲಿಕ್ ಬ್ರೇಕನ್ನು ಓದಿದ್ದೇವೆ. ಪೆಡಲಿನ ಒತ್ತಡ ದ್ರವದ ಮೂಲಕ ನಾಲ್ಕೂ ಚಕ್ರಗಳಿಗೆ ಸಮನಾಗಿ ಹೋಗುತ್ತದೆ ಎಂದು ಬರೆದು ಅಂಕವನ್ನೂ ಪಡೆದಿದ್ದೇನೆ. ದ್ರವ ಸೋರಿಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿರಲಿಲ್ಲ. ಬ್ರೇಕಿನ ಕೊಳವೆಗಳನ್ನು ಎರಡು ಪ್ರತ್ಯೇಕ ಭಾಗಗಳಾಗಿ ಮಾಡಿರುತ್ತಾರೆ. ಒಂದು ಕೈಕೊಟ್ಟರೂ ಇನ್ನೊಂದು ಸ್ವಲ್ಪ ಹಿಡಿಯುತ್ತದೆ. ನಮ್ಮನ್ನು ಉಳಿಸಿದ್ದು ಅದು, ಜೊತೆಗೆ ಅಬ್ಬು ಅವರ ಇಪ್ಪತ್ತು ವರ್ಷದ ಅನುಭವ.

ಹಿಂದಿನ ಎರಡೂ ವೀಲ್ ಸಿಲಿಂಡರ್, ಬ್ರೇಕ್ ಶೂ, ಹೊಸ ಬ್ರೇಕ್ ಆಯಿಲ್, ಕೂಲಿ ಎಲ್ಲಾ ಸೇರಿ ಆದ ಬಿಲ್ಲು 2,150 ರೂಪಾಯಿ. ಸ್ಟೀರಿಯೋದ ನಾಲ್ಕನೇ ಒಂದು ಭಾಗ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹಳೆಯ ಕಾರು ಇಟ್ಟುಕೊಳ್ಳುವುದು ತಪ್ಪೂ ಅಲ್ಲ, ಅವಮಾನವೂ ಅಲ್ಲ. ಆದರೆ ಅದಕ್ಕೆ ಖರ್ಚು ಮಾಡುವಾಗ ಒಂದು ಸರದಿ ಇರಬೇಕು. ನಾವು ಆ ಸರದಿಯನ್ನು ತಲೆಕೆಳಗು ಮಾಡುತ್ತಿದ್ದೇವೆ. ಕಣ್ಣಿಗೆ ಕಾಣುವುದಕ್ಕೆ ಮೊದಲು ದುಡ್ಡು ಹಾಕುತ್ತೇವೆ, ಜೀವ ಉಳಿಸುವುದನ್ನು ಮುಂದಿನ ತಿಂಗಳಿಗೆ ತಳ್ಳುತ್ತೇವೆ.

ಮೆಕ್ಯಾನಿಕ್ ಜೊತೆ ಕುಳಿತು ನಾನು ಬರೆದುಕೊಂಡ ಸರದಿ ಹೀಗಿದೆ.

ಮೊದಲನೆಯದು ನಿಲ್ಲುವುದು, ಅಂದರೆ ಬ್ರೇಕ್ ಮತ್ತು ಟೈರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡಷ್ಟೂ ಅದು ಕುದಿಯುವ ಉಷ್ಣಾಂಶ ಕೆಳಗಿಳಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕೂ ಹಿಡಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆಯಿಲ್ ಮಟ್ಟ ಇಳಿಯುತ್ತಿದ್ದರೆ ಬರೀ ತುಂಬಿಸುತ್ತಾ ಹೋಗಬಾರದು, ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮ ಸ್ಟೆಪ್ನಿಯ ಮೇಲೆ 1114 ಎಂದಿತ್ತು, ಅಂದರೆ 2014ರ ಹನ್ನೊಂದನೇ ವಾರ. ಗುಂಡಿಗಳು ಚೆನ್ನಾಗಿಯೇ ಇದ್ದವು, ರಬ್ಬರ್ ಮಾತ್ರ ಒಣಗಿ ಬಿರುಕು ಬಿಟ್ಟಿತ್ತು. ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಆಳದ ಗೆರೆ ಇರಬೇಕೆಂಬುದು ನಿಯಮ. ಆದರೆ ಗೆರೆ ಇದ್ದ ಮಾತ್ರಕ್ಕೆ ಟೈರಿಗೆ ಮುಪ್ಪು ಬಂದಿಲ್ಲ ಎಂದಲ್ಲ.

ಎರಡನೆಯದು ಬೆಲ್ಟು. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕೆಂದು ಕಾನೂನಿದೆ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತು ಅಪಘಾತದಲ್ಲಿ ತೀರಿಕೊಂಡಾಗ ದೇಶವೆಲ್ಲ ಈ ಬಗ್ಗೆ ಮಾತನಾಡಿತು. ನಮ್ಮ ಕಾರಿನ ಹಿಂದಿನ ಬೆಲ್ಟುಗಳು ಸೀಟ್ ಕವರಿನ ಕೆಳಗೆ ಹೂತುಹೋಗಿದ್ದವು. ಹೊರಗೆ ತೆಗೆದು, ಬಕಲ್ ಸರಿಮಾಡಿಸಲು ಒಂದು ಮಧ್ಯಾಹ್ನ ಸಾಕಾಯಿತು.

ಮೂರನೆಯದು ನೀರು, ಪೆಟ್ರೋಲು ಮತ್ತು ವೈರು. ನಮ್ಮ ಕಡೆಯ ಬೋರ್‌ವೆಲ್ ನೀರಿನಿಂದ ಗೀಸರ್ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅಲ್ಲೂ ಅದೇ ಆಗುತ್ತದೆ. ಮೇಖ್ರಿ ಸರ್ಕಲ್ ಟ್ರಾಫಿಕ್‌ನಲ್ಲಿ ಎಂಜಿನ್ ಕಾದು ಗ್ಯಾಸ್ಕೆಟ್ ಹೋದರೆ ಖರ್ಚು ಸಾವಿರಗಳಲ್ಲಿ. ಒಂದು ಡಬ್ಬ ಕೂಲೆಂಟ್ ಅದಕ್ಕಿಂತ ಎಷ್ಟೋ ಅಗ್ಗ. ಇನ್ನು ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಪೆಟ್ರೋಲ್ ಪೈಪು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಸರ್ವೀಸಿನಲ್ಲೂ ನೋಡಬೇಕು. ಬಿಸಿ ಎಂಜಿನ್ ಪಕ್ಕದಲ್ಲೇ ಪೆಟ್ರೋಲ್ ಸೋರುವುದು ಅಂದರೆ ಬೆಂಕಿಗೆ ಆಹ್ವಾನ.

ನಾಲ್ಕನೆಯದು ಬೆಳಕು. ಇಲ್ಲಿ ನಿಜವಾದ ಅಪ್‌ಗ್ರೇಡ್‌ಗೆ ಜಾಗವಿದೆ. ಹಳೆಯ ಕಾರಿನ ಹೆಡ್‌ಲೈಟ್ ಮಂಕಾಗಿದೆ ಎಂದು ಹುಡುಗರು ದೊಡ್ಡ ವ್ಯಾಟಿನ ಬಲ್ಬ್ ಅಥವಾ ಬಿಳಿ ಎಲ್‌ಇಡಿ ಹಾಕಿಸುತ್ತಾರೆ. ದೊಡ್ಡ ಬಲ್ಬಿಗೆ ಹಳೆಯ ವೈರು ಕಾದು ಹೋಲ್ಡರ್ ಕರಗುತ್ತದೆ. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಇಟ್ಟರೆ ಬೆಳಕು ಚೆದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ನಾವು ಮಾಡಿದ್ದು ಬೇರೆ. ಬಲ್ಬ್ ಅದೇ 60/55 ವ್ಯಾಟ್, ಬ್ಯಾಟರಿಯಿಂದ ನೇರವಾಗಿ ರಿಲೇ ಮತ್ತು ಫ್ಯೂಸ್ ಮೂಲಕ ದಪ್ಪ ವೈರು. ಹಳೆಯ ಸ್ವಿಚ್ಚು, ವೈರುಗಳಲ್ಲಿ ಕಳೆದುಹೋಗುತ್ತಿದ್ದ ವೋಲ್ಟೇಜ್ ಬಲ್ಬಿಗೆ ಸೇರಿತು. ಜೊತೆಗೆ ಹೊಸ ವೈಪರ್ ಬ್ಲೇಡು. ಮಳೆಗಾಲದ ರಾತ್ರಿ ಜಕ್ಕೂರಿನ ಹತ್ತಿರ ರಸ್ತೆ ಕಾಣಿಸಿದಾಗ ಅಬ್ಬು, "ಇದಪ್ಪಾ ಕೆಲಸ" ಎಂದರು.

ಸ್ಟೀರಿಯೋ, ಅಲಾಯ್ ವೀಲು, ಸ್ಟಿಕ್ಕರು ಐದನೆಯವು. ಬೇಡ ಎಂದು ನಾನು ಹೇಳುವುದಿಲ್ಲ. ಮೊದಲ ನಾಲ್ಕು ಮುಗಿದು ದುಡ್ಡು ಉಳಿದರೆ ಹಾಕಿಸಿಕೊಳ್ಳಿ.

"ಇಷ್ಟೆಲ್ಲ ಯಾಕೆ, ಮಾರಿ ಹೊಸದು ತಗೊಳ್ಳಬಾರದೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇವನ್ನು ಗ್ಯಾರೇಜಿನಲ್ಲಿ ಕೂರಿಸಲು ಆಗುವುದಿಲ್ಲ. 2020ರ ನಂತರದ ಬಿಎಸ್-6 ಕಾರಿಗಿಂತ ಇದರ ಹೊಗೆ ಹೆಚ್ಚು ಎಂಬುದನ್ನೂ ಒಪ್ಪಬೇಕು. ಆದ್ದರಿಂದ ನಾವು ಕೆಲವು ಮಿತಿಗಳನ್ನು ಹಾಕಿಕೊಂಡಿದ್ದೇವೆ: ವಿಮಾನ ನಿಲ್ದಾಣದ ಕಡೆಯ ವೇಗದ ಮೇಲ್ಸೇತುವೆಗೆ ಹೋಗುವುದಿಲ್ಲ, ನಾಲ್ಕಕ್ಕಿಂತ ಹೆಚ್ಚು ಜನ ಕೂರುವುದಿಲ್ಲ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ತಪ್ಪಿಸುವುದಿಲ್ಲ.

ಆದರೆ ಹೊಸ ಕಾರಿನ ಕಂತು ತಿಂಗಳು ತಿಂಗಳೂ ಬರುತ್ತದೆ. ನಮ್ಮ ಮನೆಯಲ್ಲಿ ಆ ಹಣಕ್ಕೆ ಬೇರೆ ಹೆಸರಿದೆ, ಅದು ನನ್ನ ಮತ್ತು ತಂಗಿಯ ಫೀಸು. ಮಾರುತಿ 800 ತಯಾರಾಗಿದ್ದು 1983ರಿಂದ 2014ರ ಜನವರಿವರೆಗೆ. ಇದೇ 796 ಸಿಸಿ ಎಂಜಿನ್ ಇದ್ದ ಓಮ್ನಿ 2019ರವರೆಗೂ ಬಂತು. ಹಾಗಾಗಿ ಬಿಡಿಭಾಗಗಳಿಗೆ ಇನ್ನೂ ಬರವಿಲ್ಲ. ಜೆ.ಸಿ. ರಸ್ತೆಯಲ್ಲಿ ಹೊಸ ಭಾಗ, ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಕನ್ನಡಿಗಳಂಥ ಹಳೆಯ ಭಾಗ ಸಿಗುತ್ತವೆ. ಬ್ರೇಕಿನ ಭಾಗವನ್ನು ಮಾತ್ರ ಗುಜರಿಯಿಂದ ತರಬೇಡಿ. ದೆಹಲಿಯ ಹಾಗೆ 15 ವರ್ಷಕ್ಕೆ ಪೆಟ್ರೋಲ್ ಕಾರನ್ನು ನಿಲ್ಲಿಸುವ ನಿಯಮ ನಮ್ಮಲ್ಲಿಲ್ಲ. ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ನಾವು 2023ರಲ್ಲಿ ಮಾಡಿಸಿದ್ದೇವೆ. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. 2028 ಬಂದಾಗ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಲೆಕ್ಕ ಹಾಕಿ ತೀರ್ಮಾನಿಸುತ್ತೇವೆ. ಗೆಳೆಯರು ನಕ್ಕರೆಂದು ಅಲ್ಲ.

ಇದು ಕಾರಿರುವವರ ಮಾತು ಮಾತ್ರ ಅಲ್ಲ. ನಮ್ಮ ಕಾಲೇಜಿನ ಸ್ಟ್ಯಾಂಡಿನಲ್ಲಿ ನಿಲ್ಲುವ ಸ್ಕೂಟರುಗಳಲ್ಲಿ ಅರ್ಧಕ್ಕರ್ಧ ಸೆಕೆಂಡ್ ಹ್ಯಾಂಡ್. ಹದಿನೆಂಟು ತುಂಬಿ ಲೈಸೆನ್ಸ್ ಪಡೆದು ಓಡಿಸುವ ಅಣ್ಣ ಅಕ್ಕಂದಿರನ್ನು ಕೇಳುತ್ತೇನೆ: ಸೈಲೆನ್ಸರ್ ಬದಲಿಸಿದ್ದೀರಿ, ಬ್ರೇಕ್ ಶೂ ಯಾವಾಗ ಬದಲಿಸಿದಿರಿ? ಪ್ರಾಂಶುಪಾಲರಿಗೂ ಒಂದು ಮನವಿ. ವರ್ಷಕ್ಕೆ ಎರಡು ಶನಿವಾರ ಒಬ್ಬ ಮೆಕ್ಯಾನಿಕ್‌ರನ್ನು ಕರೆಸಿ, ಬ್ರೇಕ್, ಟೈರು, ದೀಪ ನೋಡುವುದು ಹೇಗೆಂದು ನಮ್ಮೆಲ್ಲರಿಗೂ ಹೇಳಿಸಿಕೊಡಿ. ಪ್ಯಾಸ್ಕಲ್ ನಿಯಮದ ಪಾಠವೂ ಅಲ್ಲೇ ಆಗಿಹೋಗುತ್ತದೆ.

ನಾನೀಗ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಕೆಲಸ, ಯಾವ ತಾರೀಕು, ಎಷ್ಟು ಕಿಲೋಮೀಟರಿಗೆ, ಎಷ್ಟು ದುಡ್ಡು ಎಂದು ಬರೆಯುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್, ಎಂಜಿನ್ ಆಯಿಲ್, ಕೂಲೆಂಟ್ ನೋಡುವುದು ನನ್ನ ಕೆಲಸ. ತಂಗಿ ಬೆಲ್ಟ್ ಹಾಕುವವರೆಗೆ ಅಬ್ಬು ಕೀ ತಿರುಗಿಸುವುದಿಲ್ಲ. ಗೇಟಿನ ಮುಂದೆ ಈಗಲೂ ಕೆಲವರು ನಗುತ್ತಾರೆ. ನಾನು ಇಳಿದು, ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿ, ಕ್ಲಾಸಿಗೆ ಹೋಗುತ್ತೇನೆ.