ಹೊಸ ತಂದೆಯ ಪಾಠಶಾಲೆ

ಮನೆಯಲ್ಲಿ ಶಿಶುವು ಜನಿಸಿತೆಂದರೆ ತಾಯಿಗೂ ಕೂಸಿಗೂ ಉಪಚಾರ ಮಾಡುವುದಕ್ಕೆ ನಮ್ಮಲ್ಲಿ ಹತ್ತು ಕೈಗಳು ಮುಂದೆ ಬರುವುವು. ಬಾಣಂತಿಗೆ ಇಂಥ ಸಾರು, ಇಷ್ಟು ಬಿಸಿನೀರು, ಕೂಸಿಗೆ ಇಂಥ ಎಣ್ಣೆ ಎಂದು ಹೇಳಿಕೊಡುವ ಅಜ್ಜಿಯರು ಪ್ರತಿಯೊಂದು ಕೇರಿಯಲ್ಲಿಯೂ ಉಂಟು. ಆದರೆ ಅದೇ ದಿನ ಆ ಮನೆಯಲ್ಲಿ ಇನ್ನೊಬ್ಬನೂ ಹೊಸದಾಗಿ ಹುಟ್ಟಿರುವನು, ಅವನೇ ತಂದೆ. ಆಸ್ಪತ್ರೆಯ ಲೆಕ್ಕವನ್ನು ಸಲ್ಲಿಸುವುದು, ಪೇಡೆ ಹಂಚುವುದು, ಇವೆರಡನ್ನು ಬಿಟ್ಟು ಅವನಿಗೆ ಮತ್ತೇನು ಕೆಲಸವಿದೆಯೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಚೊಚ್ಚಲ ಹೆರಿಗೆಯು ತೌರುಮನೆಯಲ್ಲಾಗುವ ರೂಢಿಯು ನಾಡಿನ ಇತರ ಜನರಲ್ಲಿರುವಂತೆಯೇ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿಯೂ ಇರುವುದರಿಂದ, ಎಷ್ಟೋ ಮಂದಿ ತರುಣರು ಪಿತೃತ್ವದ ಮೊದಲ ತಿಂಗಳುಗಳನ್ನು ದೂರವಾಣಿಯ ಪರದೆಯ ಮೇಲೆಯೇ ಕಳೆಯುವರು. ಹೆಂಡತಿಯೂ ಮಗುವೂ ಮನೆಗೆ ಬಂದಾಗ ಅವಳು ಪಳಗಿದ ತಾಯಿಯಾಗಿರುವಳು. ಇವನು ಮಗುವಿನ ಕತ್ತಿಗೆ ಕೈಗೊಟ್ಟು ಎತ್ತುವುದನ್ನೂ ಅರಿಯದ ಅತಿಥಿಯಾಗಿರುವನು.

ಇದನ್ನು ನಗೆಯ ಮಾತೆಂದು ತಳ್ಳಿಹಾಕಲಾಗದು. ಹೆರಿಗೆಯಾದ ಸ್ತ್ರೀಯರಿಗೆ ಮನೋಖಿನ್ನತೆಯುಂಟಾಗಬಹುದೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. 2010ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನವು 43 ಅಧ್ಯಯನಗಳನ್ನು ಒಟ್ಟುಗೂಡಿಸಿ, ತಂದೆಯರಲ್ಲಿಯೂ ಹತ್ತು ಮಂದಿಗೆ ಸುಮಾರು ಒಬ್ಬನು ಈ ಕಾಲದಲ್ಲಿ ಖಿನ್ನತೆಗೆ ಗುರಿಯಾಗುವನೆಂದೂ, ಮಗುವಿಗೆ ಮೂರರಿಂದ ಆರು ತಿಂಗಳಾಗಿರುವಾಗ ಅದು ಹೆಚ್ಚೆಂದೂ ತೋರಿಸಿತು. ನಮ್ಮಲ್ಲಿ ಬಾಣಂತಿಯು ಗಂಡನ ಮನೆಗೆ ಮರಳುವ ಕಾಲವೂ ಹೆಚ್ಚುಕಡಿಮೆ ಅದೇ. ಗಂಡಸು ಅಳುವುದು ಕಡಿಮೆ. ಅವನು ಸಿಡುಕುವನು, ಹೊತ್ತು ಮೀರಿ ಮನೆಗೆ ಬರುವನು, ಕೆಲವೊಮ್ಮೆ ಕುಡಿತಕ್ಕೆ ಶರಣಾಗುವನು. ಮನೆಯವರು ಅದನ್ನು ಸ್ವಭಾವದೋಷವೆಂದೇ ಎಣಿಸುವರು.

ಕಥೋಲಿಕ ಧರ್ಮಸಭೆಯು ಈ ಹೊಸ ತಂದೆಯನ್ನು ಒಂದು ದಿನ ಹತ್ತಿರದಿಂದ ಕಾಣುತ್ತದೆ. ಅದು ಮಗುವಿನ ದೀಕ್ಷಾಸ್ನಾನದ ದಿನ. ವಿಧಿಯ ಕೊನೆಯಲ್ಲಿ ಗುರುಗಳು ಮೊದಲು ತಾಯಿಯನ್ನೂ ಬಳಿಕ ತಂದೆಯನ್ನೂ ಬೇರೆಬೇರೆಯಾಗಿ ಆಶೀರ್ವದಿಸುವರು. ಮಗುವಿಗೆ ವಿಶ್ವಾಸವನ್ನು ಕಲಿಸುವ ಮೊದಲ ಉಪಾಧ್ಯಾಯರು ಇವರಿಬ್ಬರೇ ಎಂಬ ಭಾವವು ಆ ಪ್ರಾರ್ಥನೆಯಲ್ಲಿ ಉಂಟು. ಸರಿ, ಉಪಾಧ್ಯಾಯನೆಂದು ಸಾರಿದ ಮೇಲೆ ಅವನಿಗೆ ಪಾಠವನ್ನು ಯಾರು ಹೇಳಬೇಕು? ರಾತ್ರಿಯೆಲ್ಲ ಎಚ್ಚರವಿದ್ದು ಆಕಳಿಸುತ್ತ ಕುಳಿತವನಿಗೆ ಕರ್ತವ್ಯಗಳ ಪಟ್ಟಿಯನ್ನು ಓದಿ ಹೇಳಿದರೆ ಹೆಚ್ಚಿನ ಫಲವಿಲ್ಲವೆಂದೇ ನನ್ನ ಅಭಿಪ್ರಾಯ. ಅವನಿಗೆ ಕಥೆ ಬೇಕು. ತನ್ನಂಥವನೊಬ್ಬನನ್ನು ಅವನು ಕಣ್ಣಾರೆ ಕಾಣಬೇಕು.

ಜನರು ಮೆಚ್ಚಿದ ಮಾಧ್ಯಮದ ಮೂಲಕವೇ ಧರ್ಮವನ್ನು ಹೇಳುವ ಈ ಉಪಾಯವು ಹೊಸದಲ್ಲ. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಇಟಲಿಯ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಕ್ರಿಸ್ತಜನನದ ದೃಶ್ಯವನ್ನು ಹಳ್ಳಿಗರ ಕಣ್ಣಮುಂದೆ ನಿಲ್ಲಿಸಿದರು. ಇಂಗ್ಲೆಂಡಿನಿಂದ ಗೋವೆಗೆ ಬಂದ ಪಾದ್ರಿ ತೋಮಸ್ ಸ್ಟೀಫನ್ಸರು ಇಲ್ಲಿಯ ಜನರಿಗೆ ಪುರಾಣಶ್ರವಣದಲ್ಲಿದ್ದ ಒಲವನ್ನರಿತು, ಕ್ರಿಸ್ತಚರಿತೆಯನ್ನು ಕೊಂಕಣಿಯ ಮಾತುಗಳು ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಪುರಾಣವಾಗಿಯೇ ಬರೆದರು. 1616ರಲ್ಲಿ ಅಚ್ಚಾದ ಆ ‘ಕ್ರಿಸ್ತಪುರಾಣ’ವನ್ನು 1907ರಲ್ಲಿ ಮತ್ತೆ ಮುದ್ರಿಸಿದ ಕೀರ್ತಿಯು ನಮ್ಮ ಮಂಗಳೂರಿನದು. ಮುಂದೆ ರೇಡಿಯೋ ಬಂದಾಗ ಐರ್ಲೆಂಡಿನಲ್ಲಿ ಹುಟ್ಟಿದ ಪಾದ್ರಿ ಪ್ಯಾಟ್ರಿಕ್ ಪೇಟನ್ನರು 1947ರಲ್ಲಿ ಅಮೆರಿಕದಲ್ಲಿ ‘ಫ್ಯಾಮಿಲಿ ಥಿಯೇಟರ್’ ಎಂಬ ವಾರದ ನಾಟಕಮಾಲೆಯನ್ನು ಆರಂಭಿಸಿದರು. ಹಾಲಿವುಡ್ಡಿನ ಪ್ರಸಿದ್ಧ ನಟನಟಿಯರು ಅದರಲ್ಲಿ ಧ್ವನಿಗೊಟ್ಟರು. ಪ್ರತಿವಾರವೂ ಒಂದು ಸಂಸಾರದ ಕಥೆ. ಕುಟುಂಬವು ಕೂಡಿ ಪ್ರಾರ್ಥಿಸಲೆಂಬ ಕೋರಿಕೆ. ಕೇಳುವವರನ್ನು ಮೊದಲು ಕಥೆಯಲ್ಲಿ ಕೂರಿಸಿ, ಬಳಿಕ ಬೇಕಾದ ಮಾತನ್ನು ಆಡಬೇಕೆಂಬ ಗುಟ್ಟು ಈ ಮೂವರಿಗೂ ತಿಳಿದಿತ್ತು.

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಕಥೋಲಿಕರ ತಂದೆಯರಿಗೆ ಆದರ್ಶನಾದ ಸಂತ ಜೋಸೆಫರಿಗೆ ಹಳೆಯ ಚಿತ್ರಗಾರರು ನ್ಯಾಯ ಸಲ್ಲಿಸಲಿಲ್ಲ. ಎಷ್ಟೋ ಕ್ರಿಸ್ತಜನನದ ಚಿತ್ರಗಳಲ್ಲಿ ಮರಿಯಮ್ಮನವರೂ ಶಿಶುವೂ ನಡುವೆ ಬೆಳಗುತ್ತಿರಲು, ನರೆತ ಗಡ್ಡದ ಜೋಸೆಫರು ಮೂಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕುಳಿತಿರುವರು. ಶುಭಸಂದೇಶದಲ್ಲಿ ಅವರ ಬಾಯಿಂದ ಒಂದು ಮಾತೂ ಹೊರಟಿಲ್ಲವೆಂಬುದು ನಿಜ. ಆದರೆ ಅವರು ಮೂಲೆಯಲ್ಲಿ ಕುಳಿತವರಲ್ಲ. ನಡುರಾತ್ರಿ ಎದ್ದು ತಾಯಿಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಓಡಿದವರು ಅವರೇ. ಚಿತ್ರವು ಮೂಲೆಯಲ್ಲಿ ಕೂರಿಸಿದ ತಂದೆಯನ್ನು ತಲೆತಲಾಂತರದಿಂದ ನೋಡಿದ ಮಕ್ಕಳು ತಾವು ತಂದೆಯರಾದಾಗ ಎಲ್ಲಿ ಕುಳಿತಾರು?

2025ರಲ್ಲಿ ದಿವಂಗತರಾದ ಪೋಪ್ ಫ್ರಾನ್ಸಿಸರಿಗೆ ಈ ಸೂಕ್ಷ್ಮವು ಚೆನ್ನಾಗಿ ಹೊಳೆದಿತ್ತು. 2019ರ ಡಿಸೆಂಬರ್ 18ರಂದು, ಕ್ರಿಸ್ತಜಯಂತಿಗೆ ಒಂದು ವಾರ ಮುಂಚೆ, ಅವರು ತಮಗೆ ಹಿಂದಿನ ದಿನ ಕಾಣಿಕೆಯಾಗಿ ಬಂದ ಒಂದು ಪುಟ್ಟ ಗೋದಲಿ ಚಿತ್ರದ ಸಂಗತಿಯನ್ನು ಜನರಿಗೆ ಹೇಳಿದರು. ಅದಕ್ಕೆ ‘ತಾಯಿ ವಿಶ್ರಮಿಸಲಿ’ ಎಂಬರ್ಥದ ಹೆಸರು. ಮರಿಯಮ್ಮನವರು ನಿದ್ರಿಸುತ್ತಿರುವರು, ಜೋಸೆಫರು ಮಗುವನ್ನು ಎತ್ತಿಕೊಂಡು ಮಲಗಿಸುತ್ತಿರುವರು. ಅಳುವ ಮಗುವಿಗಾಗಿ ರಾತ್ರಿಯನ್ನು ಗಂಡಹೆಂಡಿರು ಹಂಚಿಕೊಳ್ಳುವ ಕಷ್ಟವು ಎಷ್ಟು ಮನೆಗಳಲ್ಲಿದೆಯೆಂಬುದನ್ನು ಪೋಪರು ಅಲ್ಲಿ ನೆನೆದರು. ಮರುವರ್ಷ ಡಿಸೆಂಬರ್ 8ರಂದು ಅವರು ಸಂತ ಜೋಸೆಫರ ಮೇಲೆ ಒಂದು ಧರ್ಮಪತ್ರವನ್ನೇ ಹೊರಡಿಸಿ, ಒಂದು ವರ್ಷವನ್ನು ಆ ಸಂತರಿಗೆ ಮೀಸಲಿಟ್ಟರು. ಮಗುವನ್ನು ಲೋಕಕ್ಕೆ ತಂದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಅದರ ಹೊಣೆಯನ್ನು ಹೊತ್ತಾಗ ಆಗುತ್ತಾನೆ ಎಂಬುದು ಆ ಪತ್ರದ ಸಾರಗಳಲ್ಲೊಂದು. ಪತ್ರವನ್ನು ಓದಿದವರು ಕೆಲವರಿರಬಹುದು. ಆ ಪುಟ್ಟ ಚಿತ್ರವನ್ನು ಕಂಡ ತರುಣನಿಗೆ ಮಾತ್ರ ವ್ಯಾಖ್ಯಾನ ಬೇಕಾಗಿಲ್ಲ. ಬರುವ ಡಿಸೆಂಬರಿನಲ್ಲಿ ಗೋದಲಿಯನ್ನು ಕಟ್ಟುವ ಮನೆಗಳಲ್ಲಿ ಜೋಸೆಫರ ಬೊಂಬೆಯನ್ನು ತೊಟ್ಟಿಲಿಗೆ ಎರಡು ಬೆರಳು ಹತ್ತಿರ ಸರಿಸಿದರೂ ಸಾಕು.

ಇನ್ನು ಚಲಚ್ಚಿತ್ರ. 1995ರಲ್ಲಿ ಸಿನೆಮಾಕ್ಕೆ ನೂರು ವರ್ಷ ತುಂಬಿದಾಗ ವ್ಯಾಟಿಕನ್ ಧರ್ಮ, ಮೌಲ್ಯ, ಕಲೆ ಎಂದು ಮೂರು ಭಾಗ ಮಾಡಿ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರ ಮೌಲ್ಯವಿಭಾಗದಲ್ಲಿ ಹೊಸ ತಂದೆಗೆ ಪಾಠವಾಗತಕ್ಕ ಮೂರು ಚಿತ್ರಗಳುಂಟು, ಮೂರರಲ್ಲಿಯೂ ಉಪದೇಶವಿಲ್ಲ.

ಡಿ ಸೀಕಾ ಎಂಬ ನಿರ್ದೇಶಕನ ‘ಬೈಸಿಕಲ್ ಥೀವ್ಸ್’ 1948ರದು. ಯುದ್ಧಾನಂತರದ ರೋಮಿನಲ್ಲಿ ಆಂಟೋನಿಯೋ ಎಂಬ ಬಡವನು ಬೈಸಿಕಲ್ಲು ಕಳೆದುಕೊಂಡು, ಮಗ ಬ್ರೂನೋನನ್ನು ಜೊತೆಗೆ ಕರೆದುಕೊಂಡು ಊರೆಲ್ಲ ಹುಡುಕುವನು. ಮನೆಯಲ್ಲಿ ಎಳೆಯ ಕೂಸೊಂದಿದೆ. ಹತಾಶನಾದ ತಂದೆಯು ಮಗನಿಗೆ ಒಂದೇಟು ಹೊಡೆಯುವನು. ಆಮೇಲೆ ತಾನೂ ಒಂದು ಬೈಸಿಕಲ್ಲನ್ನು ಕದಿಯಹೋಗಿ ಮಗನ ಕಣ್ಣೆದುರಿಗೇ ಸಿಕ್ಕಿಬೀಳುವನು. ಅಳುವ ಹುಡುಗನನ್ನು ನೋಡಿ ಮಾಲಿಕನು ಅವನನ್ನು ಬಿಟ್ಟುಬಿಡುವನು. ಜನಸಂದಣಿಯಲ್ಲಿ ತಲೆತಗ್ಗಿಸಿ ನಡೆಯುವ ಅಪ್ಪನ ಕೈಯನ್ನು ಆ ಪುಟ್ಟ ಕೈ ಹಿಡಿದುಕೊಳ್ಳುತ್ತದೆ. ಕ್ಷಮೆಯೆಂಬ ಕ್ರೈಸ್ತ ಮೌಲ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಅಮೆರಿಕದ ಕಾಪ್ರಾನದು. ಇದನ್ನು ಕ್ರಿಸ್ತಜಯಂತಿಯ ಕಾಲಕ್ಕೆ ಹಿತವಾದ ಕಥೆಯೆಂದು ನೋಡುವರು. ನಡುವಿನ ದೃಶ್ಯವು ಅಷ್ಟು ಹಿತವಾದುದಲ್ಲ. 8,000 ಡಾಲರು ಕಾಣೆಯಾಗಿ ಸೆರೆಮನೆಯ ಭಯ ಹಿಡಿದ ಜಾರ್ಜ್ ಬೇಯ್ಲಿಯು ಮನೆಗೆ ಬಂದು, ಪಿಯಾನೋ ಅಭ್ಯಾಸಮಾಡುವ ಮಗಳ ಮೇಲೆ ರೇಗಿ, ಸಾಮಾನುಗಳನ್ನು ಒದ್ದು ಕೆಡವುವನು. ಹಣದ ಭಯವು ಗಂಡಸಿನಲ್ಲಿ ಕೋಪದ ವೇಷ ಧರಿಸುವುದನ್ನು ಹೆಂಡತಿಯರೂ ಇಲ್ಲಿ ನೋಡಬೇಕು. ಅವನನ್ನು ಸಾವಿನಿಂದ ಹಿಂದಕ್ಕೆಳೆಯುವುದು ದೇವದೂತನಾದರೂ, ಸಾಲವನ್ನು ತೀರಿಸುವುದು ಮೇಜಿನ ಮೇಲೆ ಚಿಲ್ಲರೆ ಸುರಿಯುವ ನೆರೆಯವರು.

ನೆರೆಯವರೆಂದಾಗ ಮೂರನೆಯ ಚಿತ್ರವು ನೆನಪಾಗುತ್ತದೆ. ಎರ್ಮಾನೋ ಓಲ್ಮಿಯು 1978ರಲ್ಲಿ ತೆಗೆದ ‘ದಿ ಟ್ರೀ ಆಫ್ ವುಡನ್ ಕ್ಲಾಗ್ಸ್’ ನನಗೆ ಈ ಮೂರರಲ್ಲಿ ಅತಿ ಪ್ರಿಯವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಬೆರ್ಗಾಮೊ ಸೀಮೆಯ ಗೇಣಿದಾರರ ಕಥೆ. ನಟಿಸಿದವರೂ ಆ ಸೀಮೆಯ ರೈತರೇ. ಊರಿನ ಪಾದ್ರಿಯ ಮಾತಿನಂತೆ ಬತಿಸ್ತೀ ಎಂಬವನು ಮಗನನ್ನು ದೂರದ ಶಾಲೆಗೆ ಕಳುಹಿಸುವನು. ಮನೆಗೆ ಹೊಸ ಶಿಶುವೊಂದು ಬಂದಿರುವಾಗಲೇ ಹುಡುಗನ ಮರದ ಮೆಟ್ಟು ಒಡೆದುಹೋಗುತ್ತದೆ. ತಂದೆಯು ರಾತ್ರಿ ಧಣಿಯ ಒಂದು ಮರವನ್ನು ಕಡಿದು ಮಗನಿಗೆ ಮೆಟ್ಟು ಕೆತ್ತುವನು. ಸಂಗತಿ ಹೊರಬಿದ್ದು, ಕುಟುಂಬವೆಲ್ಲ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಿಡಾರ ಬಿಡಬೇಕಾಗುತ್ತದೆ. ಒಂದೇ ಅಂಗಳದಲ್ಲಿ ಬಾಳಿದ ನೆರೆಯವರು ಒಳಗೇ ಇರುವರು. ಧಣಿಯ ಭಯವು ಅವರಿಗೂ ಉಂಟು. ಅವರನ್ನು ಹಳಿಯುವುದು ಸುಲಭವಲ್ಲ. ಚಿತ್ರವು ಮೂರು ಗಂಟೆಗೂ ಮೀರಿದ್ದು. ನಿದ್ದೆಗೆಟ್ಟ ಹೊಸ ತಂದೆಯನ್ನು ಅಷ್ಟು ಹೊತ್ತು ಕತ್ತಲೆಯಲ್ಲಿ ಕೂರಿಸಿದರೆ ಅವನು ಮಲಗಿಬಿಡುವನು! ಆದುದರಿಂದ ಮೂರು ಸಂಜೆಗಳಿಗೆ ಹಂಚಿ ತೋರಿಸುವುದು ಮೇಲು.

ತೋರಿಸಿ ಸುಮ್ಮನಾದರೆ ಅದು ವಿನೋದವಾಯಿತೇ ಹೊರತು ಪಾಠವಾಗಲಿಲ್ಲ. ದೀಕ್ಷಾಸ್ನಾನಕ್ಕೆ ಹೆಸರು ಬರೆಯಿಸಿದ ನಾಲ್ಕೈದು ತಂದೆಯರನ್ನು ಧರ್ಮಕೇಂದ್ರದವರು ಒಂದು ಸಂಜೆ ಕರೆದು, ಚಿತ್ರದ ಒಂದು ಭಾಗವನ್ನು ತೋರಿಸಿ, ದೀಪ ಹಾಕಿದ ಮೇಲೆ ಪಾದ್ರಿಗಳಿಗೆ ಬದಲು ಮೂರು ಮಕ್ಕಳ ತಂದೆಯೊಬ್ಬನು ಮಾತಿಗೆ ತೊಡಗಲಿ. ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬ ಪ್ರಶ್ನೆ ಸಾಕು. ಬತಿಸ್ತೀಯ ಕಥೆಯಿಂದ ತಮ್ಮ ಸಾಲದ ಕಥೆಗೆ ಬರಲು ಗಂಡಸರಿಗೆ ಬಹಳ ಹೊತ್ತು ಹಿಡಿಯದು. ಮಗುವಿನ ಜ್ಞಾನತಂದೆಯನ್ನೂ ಕರೆಯಬೇಕು. ಬೆಳ್ಳಿಯ ಲೋಟ ಕೊಟ್ಟು ಊಟ ಮಾಡಿ ಹೋಗುವುದಕ್ಕಿಂತ ಹೆಚ್ಚಿನ ಹೊಣೆ ಅವನಿಗುಂಟು. ವಾರಗಟ್ಟಲೆ ಬಿಡದೆ ಕವಿದ ಮಂಕು, ಊಟನಿದ್ರೆಗಳ ಅರುಚಿ, ಬದುಕು ಸಾಕೆಂಬ ಮಾತು ಕಂಡುಬಂದಲ್ಲಿ ಸಿನೆಮಾದ ಮಾತನ್ನು ಅಲ್ಲಿಗೇ ಬಿಟ್ಟು ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ಕಥೆಯು ಹೊಟ್ಟೆಗೂ ನಿದ್ದೆಗೂ ಆಗಿಬರುವುದಿಲ್ಲ. 2017ರ ತಿದ್ದುಪಡಿಯಿಂದ ದುಡಿಯುವ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ದೊರೆಯುವಂತಾಯಿತು. ತಂದೆಗೆ, ಅವನು ಕೇಂದ್ರ ಸರಕಾರದ ನೌಕರನಾಗಿದ್ದು ಎರಡಕ್ಕಿಂತ ಕಡಿಮೆ ಮಕ್ಕಳುಳ್ಳವನಾದರೆ, 15 ದಿನಗಳ ರಜೆಯುಂಟು. ಹೆರಿಗೆಯಾದ ಆರು ತಿಂಗಳೊಳಗೆ ಪಡೆಯದಿದ್ದರೆ ಅದು ಹೋಯಿತೆಂದೇ ಲೆಕ್ಕ. ತೌರುಮನೆಯಲ್ಲಿ ಹೆರಿಗೆಯಾಗುವ ಪಕ್ಷದಲ್ಲಿ, ಆ ರಜೆಯನ್ನು ತಾಯಿಮಗು ಮನೆಗೆ ಬರುವ ದಿನಕ್ಕೆ ಉಳಿಸಿಕೊಳ್ಳುವುದು ಜಾಣತನ. ಖಾಸಗಿ ಸಂಸ್ಥೆಗಳಲ್ಲಿ ಇದು ಮಾಲಿಕರ ಇಚ್ಛೆಗೆ ಬಿಟ್ಟ ವಿಷಯ. ಕಥೋಲಿಕರ ಶಾಲೆ, ಕಾಲೇಜು, ಆಸ್ಪತ್ರೆಗಳು ನಾಡಿನಲ್ಲಿ ಎಷ್ಟೋ ಇವೆ. ಅವುಗಳಲ್ಲಿ ದುಡಿಯುವ ತರುಣರೂ ತಂದೆಯರಾಗುತ್ತಿರುವರು. ಆಡಳಿತ ಮಂಡಲಿಯವರು ಮುಂದಿನ ಸಭೆಯ ಕಾರ್ಯಪಟ್ಟಿಯಲ್ಲಿ ಇದನ್ನು ಸೇರಿಸಬಹುದು.