ಮರದ ಆಮದು: ಯಾರ ಲೆಕ್ಕ?

ಪೈನ್ ಮೊದಲಾದ ಮೆದುಮರದ ಆಮದಿನಲ್ಲಿ ಭಾರತ, ಚೀನಾಗಳನ್ನು ಡಾಲರುಗಳಲ್ಲಿ ಹೋಲಿಸುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ವಹಿವಾಟು ಏರಿತೆಂದರೆ, ಹೆಚ್ಚಿದ್ದು ಚೀಲವೋ ದರವೋ ಎಂದು ರೈತ ಕೇಳುತ್ತಾನೆ. ಮರದ ಲೆಕ್ಕಕ್ಕೂ ಅದೇ ಪ್ರಶ್ನೆ ಸಲ್ಲುತ್ತದೆ.

ಆಮದಿನ ಕಾರಣವನ್ನೂ ಡಾಲರು ಹೇಳದು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಭಾರತದ ಅರಣ್ಯಗಳಲ್ಲಿ ಮರ ಕಡಿಯುವುದಕ್ಕೆ ಲಗಾಮು ಹಾಕಿತು. 1998ರ ಯಾಂಗ್ಟ್ಸಿ ಪ್ರವಾಹದ ಬಳಿಕ ಚೀನಾ ತನ್ನ ನೈಸರ್ಗಿಕ ಕಾಡುಗಳ ಕಡಿತವನ್ನು ನಿರ್ಬಂಧಿಸಿತು. ಎರಡೂ ದೇಶಗಳು ಅನ್ಯರ ನೆಲದತ್ತ ತಿರುಗಿದವು: ಭಾರತ ನ್ಯೂಜಿಲೆಂಡಿನ ಪೈನಿಗೆ, ಚೀನಾ ರಷ್ಯಾದ ಮರಕ್ಕೆ.

ಇಂಥ ಕೊರತೆಯ ಲೆಕ್ಕ ತೋರಿಸಿ ಹಳ್ಳಿಯ ಸಾಮೂಹಿಕ ಭೂಮಿಯನ್ನು ‘ಬಂಜರು’ ಎಂದು ಕರೆದು ಕಾರ್ಖಾನೆಗೆ ಕೇಳುವುದೇ ಅಪಾಯ. ನೀಲಗಿರಿ ಮೆದುಮರವಲ್ಲ, ಆದರೆ ಪಾಠ ಒಂದೇ. 1984ರಲ್ಲಿ ರಾಜ್ಯ ಸರ್ಕಾರವು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಸ್ಥಾಪಿಸಿತು. ನಾರಿನ ಮರಕ್ಕಾಗಿ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಗೊತ್ತುಪಡಿಸಿತು. ಅದು ದನಕರು ಮೇಯುವ, ಬಡವರಿಗೆ ಸೌದೆ ಕೊಡುವ ನೆಲವಾಗಿತ್ತು. 1987ರ ನವೆಂಬರ್ 14ರಂದು, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಹೂಡಿದರು. ನೀಲಗಿರಿಯನ್ನು ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. 1991ರಲ್ಲಿ ಸರ್ಕಾರವು ಕಂಪನಿಯನ್ನು ಮುಚ್ಚಲು ನಿರ್ಧರಿಸಿತು.

ಆಮದಿನ ಹಣವನ್ನು ಎಣಿಸುವವರು ಮೇವು, ಸೌದೆ, ಅಂತರ್ಜಲಗಳನ್ನೂ ಎಣಿಸಲಿ. ಇವನ್ನು ಬಿಟ್ಟ ಲೆಕ್ಕವನ್ನು ಯಾರೇ ತರಲಿ, ಗ್ರಾಮಸಭೆಗಳು ಅದಕ್ಕೆ ಒಪ್ಪಿಗೆ ನೀಡಕೂಡದು.