ಪೀಠವಿಲ್ಲದ ಪದಾತಿ

ನವರಾತ್ರಿಯ ಪಾಡ್ಯಕ್ಕೆ ಇನ್ನೂ ನಾಲ್ಕು ದಿನವಿರುವಾಗಲೇ ಚಿಕ್ಕಲಸಂದ್ರದ ಆ ಮನೆಯಲ್ಲಿ ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯಿತು. ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದ ಪಟ್ಟದ ಗೊಂಬೆಗಳು ಮೊದಲು ಹೊರಬಂದವು. ಬಳಿಕ ಸೆಟ್ಟಿ, ಸೆಟ್ಟಿತಿ. ಕಟ್ಟಕಡೆಗೆ ಜಂಬೂ ಸವಾರಿಯ ಮಣ್ಣಿನ ದಂಡು. ಅಂಬಾರಿಯ ಆನೆ ಕ್ಷೇಮವಾಗಿತ್ತು. ಆದರೆ ಕಾಲಾಳುಗಳಲ್ಲಿ ಒಬ್ಬನ ಪಾದ ಮುರಿದು ಬಟ್ಟೆಯಲ್ಲಿಯೇ ಉಳಿದಿತ್ತು.

“ಹೋದ ವರ್ಷ ಇಬ್ಬರು, ಈ ವರ್ಷ ಇವನು. ಹೀಗೇ ಆದರೆ ಸವಾರಿಗೆ ಆನೆ ಒಂದೇ ಉಳಿಯುತ್ತೆ,” ಎಂದರು ಅಜ್ಜಿ.

“ಕೊಡಿ ಅಜ್ಜಿ, ಇವನಿಗೊಂದು ಪೀಠ ಮಾಡಿಕೊಡ್ತೀನಿ,” ಎಂದ ಮೊಮ್ಮಗ.

“ಬೇಡಪ್ಪ. ನಿನ್ನ ದಂಡಿನವರ ಹಾಗೆ ಇವನನ್ನೂ ಕೆರೆದು ಬಣ್ಣ ಬಳಿದುಬಿಡ್ತೀಯೆ. ನಮ್ಮಮ್ಮ ಕೊಟ್ಟ ಗೊಂಬೆ ಇದು.”

ಅಜ್ಜಿಯ ಅಂಜಿಕೆಗೆ ಕಾರಣವಿಲ್ಲದಿರಲಿಲ್ಲ. ಮೊಮ್ಮಗನ ಓದುವ ಮೇಜಿನ ಮೇಲೆ ಪುಸ್ತಕಗಳನ್ನು ಮೂಲೆಗೆ ತಳ್ಳಿ ಇನ್ನೊಂದು ಸೈನ್ಯ ಬೀಡುಬಿಟ್ಟಿತ್ತು.

ಪುಟ್ಟ ಯೋಧರನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ನಡೆಯನ್ನು ಅಳೆಯುತ್ತ ಕದನವಾಡುವ ವಿನೋದ ಪಡುವಣ ದೇಶಗಳಲ್ಲಿ ಬಹುಕಾಲದಿಂದ ಉಂಟು. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನೇ ಇದಕ್ಕಾಗಿ ಬರೆದನು. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳನ್ನು ಮಣೆಯ ಮೇಲೆ ನಿಲ್ಲಿಸಿ ಚದುರಂಗವೆಂದು ಕರೆದ ನಾಡಿನವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಬೇಕಾಗಿಲ್ಲ.

ಈಚಿನ ಆಟಗಾರರು ಬಳಸುವ ಪ್ರಾಚೀನ ಯೋಧರಲ್ಲಿ ಹೆಬ್ಬೆರಳಿನ ಉಗುರಿನಷ್ಟು ಎತ್ತರದವರು, ಎಂದರೆ 15 ಮಿಲಿಮೀಟರಿನವರು, ಬಹು ಜನಪ್ರಿಯರು. ತವರ, ಸೀಸ ಬೆರೆಸಿ ಎರಕ ಹೊಯ್ದ ಇಂಥ ಆಳು ಒಬ್ಬಂಟಿಯಾಗಿ ನಿಲ್ಲಲಾರ. ಅವನ ಕಣಕಾಲು ಗುಂಡುಸೂಜಿಗಿಂತ ಹೆಚ್ಚು ದಪ್ಪವಲ್ಲ. ಬೆರಳು ತಗುಲಿದರೆ ಬಾಗುತ್ತದೆ, ಎರಡು ಸಲ ಬಾಗಿದರೆ ಮುರಿಯುತ್ತದೆ. ಆದುದರಿಂದಲೇ ಪೀಠ. 1990ರಲ್ಲಿ ಹೊರಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ನಿಯಮಾವಳಿಯಲ್ಲಿ ಒಂದು ಸೈನ್ಯವೆಂದರೆ 12 ಪೀಠಗಳು. ಈ ಅಳತೆಯ ಆಳುಗಳಿಗೆ ಪ್ರತಿಯೊಂದು ಪೀಠವೂ 40 ಮಿಲಿಮೀಟರ್ ಅಗಲ. ಭಲ್ಲೆಯವರಾದರೆ ಹೆಗಲಿಗೆ ಹೆಗಲು ತಾಗಿಸಿ ನಾಲ್ವರು, ಚದರಿ ಕಾದುವ ಹಗುರ ಆಳುಗಳಾದರೆ ಇಬ್ಬರೇ, ಆನೆಯಾದರೆ ಒಂದೇ. ಎದುರಾಳಿ ತಲೆ ಎಣಿಸಬೇಕಾಗಿಲ್ಲ, ನಡುವಣ ತೆರಪನ್ನು ಕಂಡರೆ ಬಂದವರು ಯಾರೆಂದು ತಿಳಿಯುತ್ತದೆ. ಮಹಾಭಾರತದ ಲೆಕ್ಕದಲ್ಲಿ ಸೇನೆಯ ಅತಿ ಕಿರಿಯ ತುಕಡಿಯಾದ ಪತ್ತಿಗೆ ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು. ಆಳನ್ನು ಬಿಡಿಯಾಗಿ ಎಣಿಸದೆ ಕಟ್ಟಾಗಿ ಎಣಿಸುವ ಬುದ್ಧಿ ಅಲ್ಲಿಯೂ ಇತ್ತು.

ಪೀಠಕ್ಕೇರುವ ಮುನ್ನ ಸಂಸ್ಕಾರಗಳು ಹಲವು. ಎರಕದ ಅಚ್ಚಿನ ಎರಡು ಹೋಳುಗಳು ಕೂಡಿದೆಡೆಯಲ್ಲಿ ಉಳಿದ ಗೆರೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಸೀಸದ ಪುಡಿ ವಿಷ. ಊಟದ ಮೇಜಿನ ಮೇಲೆ ಈ ಕೆಲಸ ಸಲ್ಲದು, ಮುಗಿದೊಡನೆ ಕೈ ತೊಳೆಯತಕ್ಕದ್ದು. ಅನಂತರ ಸಾಬೂನಿನ ನೀರಿನ ಸ್ನಾನ. ಅಚ್ಚಿನ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯದು. ಆರಿದ ಮೇಲೆ ಬಾಟಲಿಯ ಮುಚ್ಚಳಗಳಿಗೆ ಒಬ್ಬೊಬ್ಬನನ್ನು ತಾತ್ಕಾಲಿಕವಾಗಿ ಅಂಟಿಸಿ, ಪ್ರೈಮರ್ ಬಳಿದು, ಮುಚ್ಚಳವನ್ನೇ ಹಿಡಿದುಕೊಂಡು ಬಣ್ಣ ಹಾಕುವುದು ರೂಢಿ. ಒತ್ತಾಗಿ ನಿಂತ ನಾಲ್ವರ ನಡುವೆ ಕುಂಚ ತೂರದು. ಆದುದರಿಂದ ಬಣ್ಣ ಮೊದಲು, ಪೀಠ ಆಮೇಲೆ.

ಪೀಠಕ್ಕೆ ಲಗ್ನಪತ್ರಿಕೆಯ ರಟ್ಟು ಸಾಲದೇ ಎನ್ನುವವರುಂಟು. ಸಾಲದು. ಅಂಟಿನ ತೇವಕ್ಕೆ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ತೆಳುವಾದ ಪ್ಲೈವುಡ್ ಲೇಸು. ಮೇಲೆ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳನ್ನು ಉದುರಿಸಬೇಕು. ಮರಳಿಗೆ ಬದಲಾಗಿ ಅಡಿಗೆಮನೆಯ ರವೆಯನ್ನು ಉದುರಿಸಿದವರ ಸೈನ್ಯವನ್ನು ಇರುವೆಗಳು ಗೆಲ್ಲುತ್ತವೆ. ಇಂಗ್ಲೆಂಡಿನವರು ತಮ್ಮ ಹುಲ್ಲುಗಾವಲಿನ ಹಸಿರನ್ನು ಎಲ್ಲ ದೇಶದ ಆಳುಗಳ ಕಾಲಡಿಯಲ್ಲಿಯೂ ಹಾಸುತ್ತಾರೆ. ಗಂಗರ ಕಾಲಾಳು ಹಸಿರು ಹಚ್ಚಡದ ಮೇಲೆ ನಿಂತರೆ ನೆಂಟರ ಮನೆಗೆ ಬಂದವನಂತೆ ಕಾಣುತ್ತಾನೆ. ಉತ್ತರಹಳ್ಳಿಯ ರಸ್ತೆಯ ಬದಿಯಲ್ಲಿ ಮನೆಗಾಗಿ ಪಾಯ ತೋಡಿದ ಕಡೆಗಳಲ್ಲಿ ಹಿಡಿ ಕೆಮ್ಮಣ್ಣಿಗೆ ಬರವಿಲ್ಲ. ಜರಡಿ ಹಿಡಿದರೆ ಅದಕ್ಕಿಂತ ಒಪ್ಪುವ ನೆಲ ಇನ್ನೊಂದಿಲ್ಲ.

ಉಡುಗೆ, ನಿಲುವುಗಳಿಗೂ ಪರದೇಶದ ಚಿತ್ರಪುಸ್ತಕವೇ ಆಧಾರವಾಗಬೇಕಾಗಿಲ್ಲ. ಬೆಂಗಳೂರಿನ ದಕ್ಷಿಣದ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ವೀರಗಲ್ಲು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯವನ್ನು ಸೇರಿದೆ. ಆನೆ, ಕುದುರೆ, ಕಾಲಾಳುಗಳು ಒಂದೇ ಕಲ್ಲಿನಲ್ಲಿ ಇಕ್ಕಟ್ಟಾಗಿ ಕಾದುತ್ತಿರುವ ಆ ಕೆತ್ತನೆಯನ್ನು ಅರ್ಧ ಗಂಟೆ ನೋಡಿದವನು ಆಳುಗಳನ್ನು ಆಮೇಲೆ ಬೇರೆ ರೀತಿಯಲ್ಲಿ ನಿಲ್ಲಿಸುತ್ತಾನೆ. ಇನ್ನೂ ಹಿಂದಿನ ಭಾರತೀಯ ಬಿಲ್ಲುಗಾರನ ವಿಷಯದಲ್ಲಿ ಗ್ರೀಕ್ ಲೇಖಕ ಆರ್ರಿಯನ್ ಹೇಳುವ ಮಾತೊಂದುಂಟು: ಆಳುದ್ದದ ಬಿಲ್ಲನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು ಎಸೆಯುತ್ತಿದ್ದರಂತೆ. ಅಂಥವನಿಗೆ ನೆಲವಿಲ್ಲದಿದ್ದರೆ ಬಿಲ್ಲೇ ಇಲ್ಲ.

ಆದರೆ ಈ ಯಾವ ಸಂಸ್ಕಾರವೂ ಅಜ್ಜಿಯ ಗೊಂಬೆಗೆ ಹೊಂದುವಂಥದಲ್ಲ. ನೀರು ತಾಗಿದರೆ ಹಳೆಯ ಬಣ್ಣ ಎದ್ದೀತು. ಅರ ತಾಗಿದರೆ ಮಣ್ಣೇ ಉದುರೀತು. ಮೊಮ್ಮಗ ಅದನ್ನು ಬಲ್ಲ. “ಬಣ್ಣ ಮುಟ್ಟೋದಿಲ್ಲ ಅಜ್ಜಿ, ಕಾಲಿನ ಕೆಳಗಷ್ಟೇ,” ಎಂದು ಅವನು ಆಣೆಯಿಟ್ಟ ಮೇಲೆ ಅಜ್ಜಿ ಒಳಗೆ ಹೋಗಿ ಒಂದು ಹಳೆಯ ಡಬ್ಬಿಯನ್ನು ತಂದರು. ಹೋದ ವರ್ಷ ಮುರಿದ ಇಬ್ಬರೂ ಅದರಲ್ಲಿದ್ದರು, ಹತ್ತಿಯಲ್ಲಿ ಸುತ್ತಿ, ಪಾದಗಳ ಸಮೇತ.

ಆ ರಾತ್ರಿ ಮೂವರಿಗೂ ಒಂದೇ ಹಲಗೆಯಾಯಿತು. ಬಿರುಕಿಗೆ ತೊಟ್ಟು ಅಂಟು, ಹಿಮ್ಮಡಿಯ ಹಿಂದೆ ಕಣ್ಣಿಗೆ ಬೀಳದಂತೆ ಬಿದಿರಿನ ಸಣ್ಣ ಕಡ್ಡಿ, ಸುತ್ತಲೂ ಕೆಮ್ಮಣ್ಣು. ಪಾಡ್ಯದ ದಿನ ಅವರು ಆನೆಯ ಮುಂದೆ ಸಾಲಾಗಿ ನಿಂತರು. ಆರತಿಗೆ ಬಂದ ಹೆಂಗಸರಲ್ಲಿ ಯಾರಿಗೂ ಬೆಸುಗೆ ಕಾಣಲಿಲ್ಲ. ಅಜ್ಜಿ ಮಾತ್ರ ಬಂದವರಿಗೆಲ್ಲ ಕರೆದು ತೋರಿಸಿದರು.

ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸುವ ಹೊತ್ತಿಗೆ ತೊಡಕೊಂದು ಬಂದಿತು.

“ಇವರಲ್ಲಿ ಒಬ್ಬನನ್ನು ಮಾತ್ರ ಮಲಗಿಸೋಕೆ ಆಗೋದಿಲ್ಲವಲ್ಲೋ?”

“ಇಲ್ಲ ಅಜ್ಜಿ. ಮಲಗಿದರೆ ಮೂವರೂ ಒಟ್ಟಿಗೇ.”

ಅಜ್ಜಿ ಹಲಗೆಯನ್ನು ಎರಡು ಕೈಯಿಂದಲೂ ಎತ್ತಿ, ಮೂವರನ್ನೂ ಮೆಲ್ಲಗೆ ಒರಗಿಸಿ, ಒಂದೇ ಪಂಚೆಯ ತುಂಡನ್ನು ಹೊದಿಸಿದರು.